ಅಂಗಡಿಗೆ ನಿಮ್ಮ ಹೆಸರೇ ಇಡಬೇಕಾ?

ಹೊಸದಾಗಿ ವ್ಯಾಪಾರ ಶುರು ಮಾಡುವವರು ಶಿರಸಿಯ ನನ್ನ ಆಫೀಸಿಗೆ ಬಂದರೆ, ಜಿಎಸ್‌ಟಿಗಿಂತ ಮೊದಲು ಕೇಳುವುದು ಹೆಸರಿನ ಬಗ್ಗೆ. "ಮೇಡಂ, ನನ್ನ ಹೆಸರೇ ಇಡ್ಲಾ, ಬೇರೆ ಏನಾದ್ರೂ ಹುಡುಕ್ಲಾ?" ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಒಂದು ತಿಂಗಳು ಊರಲ್ಲಿ ಇಲ್ಲದಿದ್ದರೆ ಈ ವ್ಯಾಪಾರ ನಡೆಯುತ್ತದಾ?

ನಡೆಯುವುದಿಲ್ಲ ಅಂದರೆ ನಿಮ್ಮ ಹೆಸರೇ ಇಡಿ. ಟೈಲರ್, ಫೋಟೋಗ್ರಾಫರ್, ಸಂಗೀತ ಪಾಠ ಹೇಳುವವರು, ಮದುವೆ ಅಡುಗೆಯವರು, ಇವರ ಹತ್ತಿರ ಜನ ಬರುವುದೇ ಕೈಗುಣ ನೋಡಿ. ಊಟ ಮುಗಿಸಿ ಎದ್ದವರು "ಅಡುಗೆ ಯಾರದ್ದು?" ಅಂತ ಕೇಳುತ್ತಾರೆ, ಸಿಗುವ ಉತ್ತರ ಮನುಷ್ಯರ ಹೆಸರು. ಅದರ ಮೇಲೆ ಇನ್ನೊಂದು ಹೆಸರು ಹೊರಿಸಿದರೆ ಸುಮ್ನೆ ಗೊಂದಲ.

ಪ್ಯಾಕೆಟ್‌ನಲ್ಲಿ ಹಾಕಿ ಮಾರುವ ಸರಕಿನ ಕತೆ ಬೇರೆ. ಉಪ್ಪಿನಕಾಯಿ ಮಾಡುವ ಒಬ್ಬ ಮಹಿಳೆ ಪೌಚಿನ ಡಿಸೈನ್ ತಂದು ಟೇಬಲ್ ಮೇಲೆ ಇಟ್ಟರು. ದೊಡ್ಡ ಅಕ್ಷರದಲ್ಲಿ 'ಹೆಗಡೆ ಅಪ್ಪೆಮಿಡಿ' ಅಂತ ಇತ್ತು. ನೋಡಲು ಚೆನ್ನಾಗಿಯೇ ಇತ್ತು. ಆದರೆ ಆ ಎರಡು ಪದಗಳಲ್ಲಿ ಅವರಿಗೇ ಸೇರಿದ್ದು ಯಾವುದು? ಅಪ್ಪೆಮಿಡಿ ಎನ್ನುವುದು ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿಯ ಹೆಸರು, ಅದಕ್ಕೆ ಜಿಐ ಟ್ಯಾಗ್ (ಒಂದು ಸೀಮೆಯ ಸರಕು ಎಂಬ ಸರ್ಕಾರಿ ಗುರುತು) ಕೂಡ ಇದೆ. ಹೆಗಡೆ ಎನ್ನುವುದು ನಮ್ಮ ಸೀಮೆಯಲ್ಲಿ ಮನೆಮನೆಯ ಹೆಸರು. ನಾಳೆ ಪಕ್ಕದ ಊರಿನ ಇನ್ನೊಬ್ಬ ಹೆಗಡೆಯವರು ಅದೇ ಹೆಸರಿಟ್ಟು ಮಾರಿದರೆ ತಡೆಯುವುದು ಬಹಳ ಕಷ್ಟ.

ಕಾನೂನೇ ಹಾಗಿದೆ. 1999ರ ಟ್ರೇಡ್‌ಮಾರ್ಕ್ (ಸರಕಿನ ಗುರುತಾಗಿ ಬಳಸುವ ಹೆಸರು, ಚಿಹ್ನೆ) ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ, ಒಬ್ಬರು ತಮ್ಮ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ವ್ಯಾಪಾರಕ್ಕೆ ಬಳಸಿದರೆ, ಅದೇ ಹೆಸರನ್ನು ನೋಂದಾಯಿಸಿಕೊಂಡ ಇನ್ನೊಬ್ಬರು ಅಡ್ಡಿಪಡಿಸುವಂತಿಲ್ಲ. ದೆಹಲಿಯಲ್ಲಿ ಒಂದೇ ಮನೆತನದ ಆಭರಣ ವ್ಯಾಪಾರಿಗಳ ನಡುವೆ ಮನೆತನದ ಹೆಸರಿಗಾಗಿ ನಡೆದ ವ್ಯಾಜ್ಯದಲ್ಲಿ, 2014ರಲ್ಲಿ ಸುಪ್ರೀಂ ಕೋರ್ಟ್ ಇದೇ ಸೆಕ್ಷನ್ ಹಿಡಿದು ತಡೆಯಾಜ್ಞೆ ತೆಗೆದುಹಾಕಿತು. ಹಾಗಂತ ಸ್ವಂತ ಹೆಸರಾದರೆ ಏನು ಬೇಕಾದರೂ ನಡೆಯುತ್ತದೆ ಅಂತಲ್ಲ. 2001ರಲ್ಲಿ 'ಮಹೇಂದ್ರ ಅಂಡ್ ಮಹೇಂದ್ರ ಪೇಪರ್ ಮಿಲ್ಸ್' ಎಂಬ ಹೆಸರಿನ ವಿರುದ್ಧ 'ಮಹೀಂದ್ರ ಅಂಡ್ ಮಹೀಂದ್ರ' ಪಡೆದಿದ್ದ ತಡೆಯಾಜ್ಞೆಯನ್ನು ಅದೇ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೆಸರುವಾಸಿಯಾದವರ ಪಕ್ಕ ನಿಂತು ಅವರ ಹೆಸರನ್ನೇ ಹೋಲುವ ಹೆಸರಿಟ್ಟರೆ ರಕ್ಷಣೆ ಸಿಗುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದೆ ವ್ಯಾಪಾರವನ್ನೇ ಮಾರುವ ಪ್ರಶ್ನೆ. ಎಂಟಿಆರ್, ಅಂದರೆ ಮಾವಳ್ಳಿ ಟಿಫಿನ್ ರೂಮ್ಸ್, ನೋಡಿ. ಮಾವಳ್ಳಿ ಎಂಬುದು ಬೆಂಗಳೂರಿನ ಒಂದು ಜಾಗದ ಹೆಸರು, ಮನೆತನದ್ದಲ್ಲ. 2007ರಲ್ಲಿ ಪ್ಯಾಕೆಟ್ ತಿನಿಸಿನ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಕಂಪನಿಯ ಕೈಗೆ ಹೋಯಿತು, ಹೋಟೆಲು ಮಯ್ಯ ಮನೆಯವರ ಹತ್ತಿರವೇ ಉಳಿಯಿತು. ಫುಡ್ಸ್ ಕಟ್ಟಿದ ಸದಾನಂದ ಮಯ್ಯ ಅವರು ಆಮೇಲೆ ಹೊಸ ಕಂಪನಿ ಮಾಡಿದಾಗ ಇಟ್ಟ ಹೆಸರು 'ಮಯ್ಯಾಸ್'. ಮೊದಲ ಕಂಪನಿಯ ಹೆಸರೇ ಮಯ್ಯ ಆಗಿದ್ದರೆ ಅದು ಕೊಂಡವರ ಪಾಲಾಗುತ್ತಿತ್ತು, ಅಲ್ವಾ? ಹೆಸರು ಕಟ್ಟಿದವರು ತಮ್ಮ ಹೆಸರಿಗಾಗಿ ಕೋರ್ಟಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಅಣ್ಣತಮ್ಮಂದಿರು ಸೇರಿ ಮಾಡುವ ವ್ಯಾಪಾರದಲ್ಲಿ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. 1932ರ ಪಾಲುದಾರಿಕೆ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ, ಹೊರಗೆ ಹೋದ ಪಾಲುದಾರ ಅದೇ ಥರದ ವ್ಯಾಪಾರ ಮಾಡಬಹುದು, ಆದರೆ ಫರ್ಮಿನ ಹೆಸರು ಬಳಸುವಂತಿಲ್ಲ. ಆ ಫರ್ಮಿಗೆ ಇಟ್ಟದ್ದು ಅವನ ಹೆಸರೇ ಆಗಿದ್ದರೂ! ಒಪ್ಪಂದದಲ್ಲಿ ಬೇರೆ ಥರ ಬರೆದುಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಅದನ್ನು ಪಾಲುದಾರಿಕೆ ಪತ್ರ ಮಾಡುವ ದಿನವೇ ಬರೆಸಿಕೊಳ್ಳಿ. ಮನಸ್ಸು ಮುರಿದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಒಂದು ತಪ್ಪು ತಿಳಿವಳಿಕೆ ಜಾಸ್ತಿ ಕೇಳಿಬರುತ್ತದೆ. ಬೇರೆ ಹೆಸರಿಟ್ಟರೆ ಅಂಗಡಿ ಸಾಲ ಮನೆಗೆ ಬರುವುದಿಲ್ಲವಂತೆ. ಹಾಗಿಲ್ಲ. ಒಬ್ಬರೇ ಮಾಲೀಕರಾಗಿರುವ ಅಂಗಡಿಗೆ ಪ್ಯಾನ್ ನಿಮ್ಮದೇ, ತೆರಿಗೆ ನಿಮ್ಮದೇ, ಸಾಲವೂ ನಿಮ್ಮದೇ. ಬೋರ್ಡಿನಲ್ಲಿ ಏನೇ ಇರಲಿ, ಜಿಎಸ್‌ಟಿ ಪತ್ರದಲ್ಲಿ ಪ್ಯಾನ್‌ನಲ್ಲಿರುವ ಹೆಸರು ಒಂದು ಕಡೆ, ಅಂಗಡಿಯ ಹೆಸರು ಇನ್ನೊಂದು ಕಡೆ ಬರುತ್ತದೆ, ಅಷ್ಟೇ.

ಬೇರೆ ಹೆಸರಿಟ್ಟರೆ ಆ ಹೆಸರಲ್ಲಿ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ (ವ್ಯಾಪಾರದ ಖಾತೆ) ಮಾತ್ರ ಬೇಗ ಮಾಡಿಸಿ. ಬೋರ್ಡಿನಲ್ಲಿ ಒಂದು ಹೆಸರು, ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಇನ್ನೊಂದು ಹೆಸರು ಬಂದರೆ ಗಿರಾಕಿ ಬೆರಳು ಹಿಡಿದು ನಿಲ್ಲುತ್ತಾನೆ. "ಇದು ನಿಮ್ಮದೇನಾ?" ಅಂತ ಕೇಳಿಯೇ ದುಡ್ಡು ಹಾಕುತ್ತಾನೆ. ಅಂಗಡಿ ಹೆಸರಿಗೆ ಬಂದ ಚೆಕ್ಕೂ ನಿಮ್ಮ ಉಳಿತಾಯ ಖಾತೆಗೆ ಹೋಗುವುದಿಲ್ಲ.

ಉಪ್ಪಿನಕಾಯಿಯವರಿಗೆ ನಾನು ಹೇಳಿದ್ದು ಇಷ್ಟು. ಮುಂದೆ ದೊಡ್ಡದಾಗಿ ಹೊಸದೊಂದು ಹೆಸರು ಹಾಕಿ. ತಯಾರಿಸಿದವರ ಹೆಸರು, ವಿಳಾಸ ಲೇಬಲ್ ಮೇಲೆ ಇರಲೇಬೇಕು ಅನ್ನುವುದು ಆಹಾರ ಸುರಕ್ಷತೆಯ ನಿಯಮ, ಹಾಗಾಗಿ ನಿಮ್ಮ ಹೆಸರು ಹೇಗಿದ್ದರೂ ಪ್ಯಾಕೆಟ್ ಮೇಲೆ ಬರುತ್ತದೆ. ಪೌಚ್ ಪ್ರಿಂಟಿಗೆ ಕೊಡುವ ಮೊದಲು ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿರುವ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಉಪ್ಪಿನಕಾಯಿಯ 29ನೇ ವರ್ಗ ಹಾಕಿ ಆ ಹೆಸರು ಹುಡುಕಿ, ಅದಕ್ಕೆ ದುಡ್ಡು ಬೇಡ. ಯಾರೂ ತೆಗೆದುಕೊಂಡಿಲ್ಲ ಅಂದರೆ ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ನೋಂದಣಿಯಾದರೆ 10 ವರ್ಷ ನಡೆಯುತ್ತದೆ.