ಒಂದು ಸ್ಪೈನಲ್, ಮೂರು ಎತ್ತರ: ಯಾವ ನರ ಯಾವಾಗ ಬ್ಲಾಕ್ ಆಗುತ್ತದೆ?

ಬೆನ್ನಿಗೆ ಸೂಜಿ ಹಾಕಿ ಸ್ಪೈನಲ್ ಅರಿವಳಿಕೆ ಕೊಟ್ಟರೆ ಸೊಂಟದಿಂದ ಕೆಳಗೆ ಮರಗಟ್ಟುತ್ತದೆ ಅಂತ ರೋಗಿಗೆ ಹೇಳುತ್ತೇವೆ. ಅವರಿಗೆ ಅಷ್ಟು ಸಾಕು. ಒಟಿಯಲ್ಲಿ ನಿಲ್ಲುವ ನಮಗೆ ಸಾಲದು. ಸೂಜಿ ಒಂದೇ, ಔಷಧಿ ಒಂದೇ, ಆದರೆ ಆಗುವುದು ಮೂರು ಬ್ಲಾಕ್: ಸಿಂಪಥೆಟಿಕ್ (ರಕ್ತನಾಳ, ಹೃದಯ ನೋಡಿಕೊಳ್ಳುವ ನರಗಳು), ಸೆನ್ಸರಿ (ನೋವು, ಸ್ಪರ್ಶದ ಅರಿವು), ಮೋಟಾರ್ (ಸ್ನಾಯುವಿನ ಬಲ). ಮೂರೂ ಬೇರೆ ಬೇರೆ ಹೊತ್ತಿಗೆ ಶುರುವಾಗುತ್ತವೆ, ಬೇರೆ ಬೇರೆ ಎತ್ತರಕ್ಕೆ ಹೋಗಿ ನಿಲ್ಲುತ್ತವೆ. ಇದು ಅರ್ಥವಾದರೆ ಸ್ಪೈನಲ್ ಪಾಠದ ಅರ್ಧ ಮುಗಿದ ಹಾಗೆ.

ದೊಡ್ಡವರಲ್ಲಿ ಬೆನ್ನುಹುರಿ ಎಲ್1–ಎಲ್2 ಮೂಳೆಗಳ ಹತ್ತಿರ ಮುಗಿಯುತ್ತದೆ (ಬೆನ್ನೆಲುಬು ಮತ್ತು ಅಲ್ಲಿನ ನರಗಳ ಲೆಕ್ಕದಲ್ಲಿ ಸಿ ಅಂದರೆ ಕುತ್ತಿಗೆ, ಟಿ ಎದೆ, ಎಲ್ ಸೊಂಟ, ಎಸ್ ಅದಕ್ಕೂ ಕೆಳಗೆ). ಅದಕ್ಕೇ ಸೂಜಿ ಹಾಕುವುದು ಎಲ್3–4 ಅಥವಾ ಎಲ್4–5 ಸಂದಿಯಲ್ಲಿ. ಔಷಧಿ ಸಿಎಸ್‌ಎಫ್‌ನಲ್ಲಿ (ಬೆನ್ನುಹುರಿಯ ಸುತ್ತ ಇರುವ ದ್ರವದಲ್ಲಿ) ಬೆರೆತು ನರದ ಬೇರುಗಳನ್ನು ಮುಟ್ಟುತ್ತದೆ, ಪೊರೆ ದಾಟಿ ಒಳಗೆ ಹೋಗುತ್ತದೆ, ಸಿಗ್ನಲ್ ಸಾಗಲು ಬೇಕಾದ ಸೋಡಿಯಂ ಚಾನೆಲ್‌ಗಳನ್ನು ಒಳಗಡೆಯಿಂದ ಮುಚ್ಚುತ್ತದೆ. ಸಿಗ್ನಲ್ ಅಲ್ಲೇ ನಿಲ್ಲುತ್ತದೆ.

ಈಗ ನರಗಳು. ಸಿಂಪಥೆಟಿಕ್ ಕೆಲಸ ಮಾಡುವ ಬಿ ಫೈಬರ್ (ನರದ ಎಳೆ) ತೆಳ್ಳಗೆ, 3 ಮೈಕ್ರಾನ್‌ಗಿಂತ ಕಮ್ಮಿ. ಚುಚ್ಚಿದ ನೋವು ಮತ್ತು ತಣ್ಣಗಿನ ಅನುಭವ ಒಯ್ಯುವ ಎ-ಡೆಲ್ಟಾ 2ರಿಂದ 5. ಮಂದ ನೋವು ಒಯ್ಯುವ ಸಿ ಫೈಬರ್ ಇನ್ನೂ ಸಣ್ಣದು, ಅದಕ್ಕೆ ಮೈಲಿನ್ ಹೊದಿಕೆಯೇ ಇಲ್ಲ. ಮುಟ್ಟಿದ್ದು, ಒತ್ತಿದ್ದು ತಿಳಿಸುವ ಎ-ಬೀಟಾ 5ರಿಂದ 12. ಸ್ನಾಯು ಆಡಿಸುವ ಎ-ಆಲ್ಫಾ ಎಲ್ಲಕ್ಕಿಂತ ದಪ್ಪ, 12ರಿಂದ 20.

ಸಾಮಾನ್ಯವಾಗಿ ಮೊದಲು ಹೋಗುವುದು ಸಿಂಪಥೆಟಿಕ್. ಆಮೇಲೆ ತಣ್ಣಗಿನ ಅನುಭವ, ಚುಚ್ಚಿದ ನೋವು, ಸ್ಪರ್ಶ, ಕೊನೆಗೆ ಕಾಲಿನ ಬಲ. ಔಷಧಿ ಹೋದ ಸ್ವಲ್ಪ ಹೊತ್ತಿಗೇ ರೋಗಿ ‘ಕಾಲು ಬೆಚ್ಚಗಾಗ್ತಿದೆ ಡಾಕ್ಟ್ರೇ’ ಅಂದರೆ ಅದು ಸಿಂಪಥೆಟಿಕ್ ಬ್ಲಾಕ್. ರಕ್ತನಾಳ ಹಿಗ್ಗಿ ಪಾದಕ್ಕೆ ರಕ್ತ ಜಾಸ್ತಿ ಬಂದಿದೆ. ಆ ಹೊತ್ತಿಗೆ ಕಾಲು ಇನ್ನೂ ಎತ್ತಬಲ್ಲರು.

‘ತೆಳ್ಳಗಿನ ನರ ಮೊದಲು ಬ್ಲಾಕ್ ಆಗುತ್ತದೆ’ ಅಂತ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಬೇಡಿ. ಆ ನಿಯಮ ಪೂರ್ತಿ ನಿಜವಲ್ಲ. ಪ್ರಯೋಗಾಲಯದಲ್ಲಿ ಒಂಟಿ ನರಗಳ ಮೇಲೆ ನೋಡಿದಾಗ, ಎಲ್ಲಕ್ಕಿಂತ ತೆಳ್ಳಗಿನ ಸಿ ಫೈಬರ್ ಸುಲಭಕ್ಕೆ ಬಗ್ಗುವುದಿಲ್ಲ. ಗಾತ್ರದ ಜೊತೆಗೆ ಮೈಲಿನ್ ಮತ್ತು ನೋಡ್‌ಗಳ (ಮೈಲಿನ್ ಹೊದಿಕೆಯಲ್ಲಿ ಬಿಟ್ಟ ಸಂದಿಗಳ) ನಡುವಿನ ದೂರವೂ ಲೆಕ್ಕಕ್ಕೆ ಬರುತ್ತದೆ. ಮೈಲಿನ್ ಇರುವ ನರದಲ್ಲಿ ಸಿಗ್ನಲ್ ನೋಡ್‌ನಿಂದ ನೋಡ್‌ಗೆ ಹಾರುತ್ತದೆ. ಅದನ್ನು ಖಚಿತವಾಗಿ ನಿಲ್ಲಿಸಲು ಸಾಲಾಗಿ ಮೂರು ನೋಡ್ ಆದರೂ ಬ್ಲಾಕ್ ಆಗಬೇಕು ಅಂತ ಪಾಠದಲ್ಲಿ ಹೇಳುತ್ತಾರೆ. ದಪ್ಪ ನರದಲ್ಲಿ ನೋಡ್‌ಗಳು ದೂರ ದೂರ ಇರುತ್ತವೆ. ಹಾಗಾಗಿ ಅದರ ಹೆಚ್ಚು ಉದ್ದ ಔಷಧಿಯಲ್ಲಿ ನೆನೆಯಬೇಕು.

ಸ್ಪೈನಲ್‌ನಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಸೂಜಿ ಹಾಕಿದ ಜಾಗದಲ್ಲಿ ಔಷಧಿ ಗಟ್ಟಿಯಾಗಿರುತ್ತದೆ, ಮೇಲೆ ಹೋದಂತೆ ತೆಳುವಾಗುತ್ತದೆ. ಬೆಲ್ಲದ ಪಾನಕದ ತಳದಲ್ಲಿ ಸಿಹಿ ಜಾಸ್ತಿ ಇದ್ದ ಹಾಗೆ. ಮೇಲಿನ ತೆಳು ಔಷಧಿ ಬಿ ಫೈಬರ್‌ಗೆ ಸಾಕು, ಮೋಟಾರ್ ನರಕ್ಕೆ ಸಾಲದು. ಆದ್ದರಿಂದಲೇ ಮೂರು ಎತ್ತರ. ಸೆನ್ಸರಿಗಿಂತ ಸಿಂಪಥೆಟಿಕ್ ಬ್ಲಾಕ್ ಸುಮಾರು 2 ಸೆಗ್ಮೆಂಟ್ (ಟಿ4, ಟಿ3 ಹೀಗೆ ಒಂದೊಂದು ನರದ ಮಟ್ಟ) ಮೇಲೆ, ಕೆಲವೊಮ್ಮೆ ಅದಕ್ಕಿಂತ ತುಂಬಾ ಮೇಲೆ. ಮೋಟಾರ್ ಸುಮಾರು 2 ಸೆಗ್ಮೆಂಟ್ ಕೆಳಗೆ.

ಸಿಸೇರಿಯನ್ ಉದಾಹರಣೆ ತೆಗೆದುಕೊಳ್ಳಿ. ಸೆನ್ಸರಿ ಲೆವೆಲ್ ಟಿ4 ಬೇಕು, ಅಂದರೆ ಮೊಲೆತೊಟ್ಟಿನ ಮಟ್ಟ. ಹಾಗಾದರೆ ಸಿಂಪಥೆಟಿಕ್ ಬ್ಲಾಕ್ ಟಿ2 ಅಥವಾ ಅದಕ್ಕೂ ಮೇಲೆ ಹೋಗಿರುತ್ತದೆ. ಸಿಂಪಥೆಟಿಕ್ ನರಗಳು ಹೊರಡುವುದೇ ಟಿ1ರಿಂದ ಎಲ್2ರವರೆಗೆ. ಅಂದರೆ ಹೆಚ್ಚುಕಮ್ಮಿ ಎಲ್ಲವೂ ಹೋದಂತೆ! ರಕ್ತನಾಳ ಹಿಗ್ಗಿ ಬಿಪಿ ಬೀಳುತ್ತದೆ. ಹೃದಯದ ಬಡಿತ ಹೆಚ್ಚಿಸುವ ಟಿ1–ಟಿ4 ನರಗಳೂ ಬ್ಲಾಕ್ ಆದರೆ ಪಲ್ಸ್ ಕೂಡ ಇಳಿಯಬಹುದು. ಬಿಪಿ ಏರಿಸುವ ಫಿನೈಲೆಫ್ರಿನ್ ಸಿರಿಂಜ್ ಮೊದಲೇ ತಯಾರಿಡುವುದು, ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬೀಳದ ಹಾಗೆ ತಾಯಿಯನ್ನು ಸ್ವಲ್ಪ ಎಡಕ್ಕೆ ವಾಲಿಸುವುದು ಇದೇ ಕಾರಣಕ್ಕೆ.

ಉಸಿರಾಟದ ಕಥೆ ಬೇರೆ. ವಪೆಯ ನರ ಬರುವುದು ಸಿ3–ಸಿ5ರಿಂದ, ಅದು ಉಳಿದಿರುತ್ತದೆ. ಪಕ್ಕೆಲುಬಿನ ಸ್ನಾಯುಗಳ ಬಲ ಮತ್ತು ಎದೆ ಆಡುವ ಅರಿವು ಕಮ್ಮಿಯಾಗಿ, ‘ಉಸಿರು ಎಳೆಯೋಕೆ ಆಗ್ತಿಲ್ಲ’ ಅಂತ ಕೆಲವರು ಗಾಬರಿಯಾಗುತ್ತಾರೆ. ಆಗ ಸುಮ್ನೆ ‘ಏನಿಲ್ಲಮ್ಮ’ ಅನ್ನಬೇಡಿ. ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ನೋಡಿ, ಮಾತಾಡಿಸಿ, ನಿಮ್ಮ ಬೆರಳು ಹಿಂಡಲು ಹೇಳಿ. ಹಿಡಿತ ಸಡಿಲವಾಗಿದ್ದರೆ ಬ್ಲಾಕ್ ಕುತ್ತಿಗೆಯ ನರಗಳತ್ತ ಹೋಗಿದೆ ಅಂತ ಅನುಮಾನಿಸಿ ತಕ್ಷಣ ಹಿರಿಯರನ್ನು ಕರೆಯಿರಿ.

ನೋವು ಮತ್ತು ಸ್ಪರ್ಶ ಬೇರೆಬೇರೆ ಅನ್ನುವುದಕ್ಕೆ ಹಳೆಯ ಸಾಕ್ಷಿಯೇ ಇದೆ. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಶಸ್ತ್ರವೈದ್ಯ ಔಗುಸ್ಟ್ ಬಿಯರ್ ತಮ್ಮ ಸಹಾಯಕ ಹಿಲ್ಡೆಬ್ರಾಂಟ್ ಬೆನ್ನಿಗೆ ಕೊಕೇನ್ ಕೊಟ್ಟರು. ಕಾಲಿಗೆ ಉರಿಯುವ ಸಿಗಾರ್ ಒತ್ತಿದರೆ ಬಿಸಿ ಗೊತ್ತಾಯಿತು, ನೋವಾಗಲಿಲ್ಲ. ಕಬ್ಬಿಣದ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಹೊಡೆದರೂ ನೋವಿರಲಿಲ್ಲ. ಸಿಸೇರಿಯನ್ ಆಗುವಾಗ ‘ಒಳಗೆ ಏನೋ ಎಳೆದ ಹಾಗಾಗ್ತಿದೆ’ ಅಂತ ತಾಯಿ ಹೇಳುವುದನ್ನೂ ಹೀಗೇ ಅರ್ಥ ಮಾಡಿಕೊಳ್ಳಿ. ಎಳೆತ, ಒತ್ತಡ ತಿಳಿಯಬಹುದು ಅಂತ ಮೊದಲೇ ಹೇಳಿಡಬೇಕು. ಆದರೆ ‘ನೋವಾಗ್ತಿದೆ’ ಅಂದರೆ ನಂಬಬೇಕು, ಸರ್ಜನ್‌ಗೆ ನಿಲ್ಲಿಸಲು ಹೇಳಬೇಕು. ಈ ವ್ಯತ್ಯಾಸ ಕೇಳಿಸಿಕೊಳ್ಳುವುದು ನಮ್ಮ ಕೆಲಸದಲ್ಲಿ ತುಂಬಾ ದೊಡ್ಡದು ಅಂತ ನನಗನ್ನಿಸುತ್ತದೆ.

ಪರೀಕ್ಷಿಸುವಾಗಲೂ ಒಂದೊಂದನ್ನೇ ನೋಡಿ. ಸ್ಪಿರಿಟ್ ಹತ್ತಿ ಮೊದಲು ಭುಜಕ್ಕೆ ಮುಟ್ಟಿಸಿ ‘ಇಷ್ಟೇ ತಣ್ಣಗಿದೆಯಾ?’ ಅಂತ ಕೇಳುತ್ತಾ ಕೆಳಗಿನಿಂದ ಮೇಲೆ ಬನ್ನಿ. ತಣ್ಣಗಿನ ಅನುಭವ ಹೋದ ಮಟ್ಟ ಸ್ಪರ್ಶ ಹೋದ ಮಟ್ಟಕ್ಕಿಂತ ಮೇಲಿರುತ್ತದೆ. ಹಾಗಾಗಿ ಬರೀ ‘ಲೆವೆಲ್ ಟಿ4’ ಅಂತ ಬರೆದರೆ ಅರ್ಧ ಮಾಹಿತಿ. ಯಾವುದರಿಂದ ನೋಡಿದ್ದು ಅಂತಲೂ ಬರೆಯಿರಿ. ಕಾಲಿನ ಬಲಕ್ಕೆ ಬ್ರೊಮೇಜ್ ಸ್ಕೇಲ್ ಇದೆ, ಕಾಲು ಎಷ್ಟು ಆಡಿಸಬಲ್ಲರು ಅಂತ ನೋಡಿ ಅಂಕ ಕೊಡುವ ಅಳತೆ.

ಔಷಧಿ ಇಳಿಯುವಾಗ ಕಾಲಿನ ಬಲ ಬಂತು ಅಂದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತಲ್ಲ. ಎದ್ದು ಕೂತಾಗ ಬಿಪಿ ಬೀಳಬಹುದು, ಆದ್ದರಿಂದ ಮೊದಲ ಸಲ ಒಬ್ಬರೇ ನಡೆಯಲು ಬಿಡಬಾರದು. ಮೂತ್ರಕೋಶದ ನರಗಳು ಎಸ್2–ಎಸ್4ರಿಂದ ಬರುತ್ತವೆ. ಬ್ಲಾಕ್ ಮೇಲಿನಿಂದ ಕೆಳಗೆ ಇಳಿಯುವುದರಿಂದ ಅವು ತಡವಾಗಿ ಬಿಡುಗಡೆಯಾಗುತ್ತವೆ. ಕ್ಯಾತಿಟರ್ (ಮೂತ್ರದ ನಳಿಕೆ) ಇಲ್ಲದ ರೋಗಿ ಕಾಲು ಚೆನ್ನಾಗಿ ಆಡಿಸುತ್ತಿದ್ದರೂ ‘ಮೂತ್ರ ಆಯ್ತಾ?’ ಅಂತ ಕೇಳಿ. ಆಗಿಲ್ಲ ಅಂದರೆ ಕೆಳಹೊಟ್ಟೆ ಮುಟ್ಟಿ ನೋಡಿ. ಮೂತ್ರಕೋಶ ತುಂಬಿದ್ದರೂ ಅವರಿಗೆ ಅದು ಗೊತ್ತಾಗದೇ ಇರಬಹುದು.