ಕೊಕ್ಕರೆಯ ಕಣ್ಣು ನುಂಗುವ ಕುಂಚ

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಹುಣಸೆಮರದ ಮೇಲೆ. ಅಲ್ಲಿ ತೆಗೆದ ಫೋಟೊಗೆ ಫೋಟೊಶಾಪ್‌ನ ‘ಆಯಿಲ್ ಪೇಂಟ್’ ಫಿಲ್ಟರ್ ಹಾಕಿ ನೋಡಿ. ಬಾಲದ ಬಳಿಯ ಗುಲಾಬಿ ಗರಿ ಚೆಂದವಾಗಿಯೇ ಹರಡಿಕೊಳ್ಳುತ್ತದೆ. ಹಿಂದಿನ ಹುಣಸೆ ಎಲೆಗಳು ಮಾತ್ರ ಎರೆಹುಳುವಿನ ರಾಶಿಯಂತಾಗುತ್ತವೆ, ಹಕ್ಕಿಯ ಕಣ್ಣಿನ ಮಿಂಚು ಆರಿಹೋಗುತ್ತದೆ.

ಫೋಟೊವನ್ನು ಚಿತ್ರವಾಗಿಸುವ ಆಸೆ ಹೊಸದಲ್ಲ. 1907ರಲ್ಲಿ ಬಂದ ಬ್ರೋಮಾಯಿಲ್ ವಿಧಾನದಲ್ಲಿ ಪ್ರಿಂಟಿನ ಬೆಳ್ಳಿಯನ್ನು ಬ್ಲೀಚ್ ಮಾಡಿ, ಎಣ್ಣೆಮಸಿಯನ್ನು ಕುಂಚದಿಂದ ಕುಟ್ಟಿ ಕುಟ್ಟಿ ಕೂರಿಸುತ್ತಿದ್ದರು. ಎಲ್ಲಿಗೆ ಎಷ್ಟು ಮಸಿ ಎಂಬುದು ಕೈಯ ತೀರ್ಮಾನ. ಡಿಜಿಟಲ್ ಫಿಲ್ಟರ್ ಬಂದಾಗ ತಪ್ಪಿಹೋದದ್ದು ಈ ಕೈ.

1976ರಲ್ಲಿ ಜಪಾನಿನ ಕುವಹಾರ ಮತ್ತು ಸಂಗಡಿಗರು ಹೃದಯದ ವೈದ್ಯಕೀಯ ಚಿತ್ರಗಳ ನಾಯ್ಸ್, ಅಂದರೆ ಬೇಡದ ಚುಕ್ಕೆಗಳನ್ನು, ತೆಗೆಯಲು ಒಂದು ಲೆಕ್ಕ ಹಾಕಿದರು. ಪ್ರತಿ ಪಿಕ್ಸೆಲ್ ಸುತ್ತ ನಾಲ್ಕು ಚೌಕ. ಯಾವುದರಲ್ಲಿ ಏರಿಳಿತ ಕಡಿಮೆಯೋ ಅದರ ಸರಾಸರಿಯೇ ನಡುವಿನ ಪಿಕ್ಸೆಲ್‌ಗೆ. ಅಂಚು ಉಳಿಯಿತು, ಒಳಗೆಲ್ಲ ನುಣುಪಾಯಿತು, ನೋಡಿದರೆ ಬಣ್ಣ ಬಳಿದಂತಿತ್ತು! ಮುಂದೆ ಬಂದ ಎಣ್ಣೆಬಣ್ಣದ ಸರಳ ಫಿಲ್ಟರುಗಳಲ್ಲಿ, ಸುತ್ತಲಿನ ಪಿಕ್ಸೆಲ್‌ಗಳಲ್ಲಿ ಯಾವ ಹೊಳಪು ಹೆಚ್ಚು ಸಲ ಬರುತ್ತದೋ ಅದಕ್ಕೇ ಗೆಲುವು. ಕಣ್ಣಿನ ಮಿಂಚು ಇರುವುದೇ ನಾಲ್ಕೈದು ಪಿಕ್ಸೆಲ್. ಸುತ್ತ ಎಷ್ಟು ದೂರ ನೋಡಬೇಕೆಂಬ ರೇಡಿಯಸ್ 6 ಇಟ್ಟರೆ ಬಹುಮತದಲ್ಲಿ ಅದು ಸೋಲಲೇಬೇಕು.

ಫೋಟೊಶಾಪ್ 1990ರಲ್ಲಿ ಬಂತು. ಆಲ್ಡಸ್ ಕಂಪನಿಯ ‘ಗ್ಯಾಲರಿ ಎಫೆಕ್ಟ್ಸ್’ ಆಗ ಬೇರೆಯೇ ಮಾರಾಟವಾಗುತ್ತಿತ್ತು. 1994ರಲ್ಲಿ ಆಲ್ಡಸ್ ಅಡೋಬಿಗೆ ಸೇರಿತು, 1996ರ ಫೋಟೊಶಾಪ್ 4ರಲ್ಲಿ ಡ್ರೈ ಬ್ರಷ್, ವಾಟರ್‌ಕಲರ್, ಪೋಸ್ಟರ್ ಎಡ್ಜಸ್ ಒಳಗೇ ಬಂದವು. ಅವೆಲ್ಲ ಅಂದಿನ ಚಿಕ್ಕ ಚಿತ್ರಗಳ ಅಳತೆಯವು. ಡ್ರೈ ಬ್ರಷ್‌ನ ಕುಂಚದ ಅಳತೆ 10ಕ್ಕೆ ಮುಗಿಯುತ್ತದೆ. 6000 ಪಿಕ್ಸೆಲ್ ಅಗಲದ ಫೋಟೊದಲ್ಲಿ ಅದು ಕಾಣುವುದೂ ಇಲ್ಲ. ಮೊದಲು ಅಗಲವನ್ನು 2400 ಪಿಕ್ಸೆಲ್‌ಗೆ ಇಳಿಸಿ, ಬಣ್ಣದ ಸೂಕ್ಷ್ಮತೆಯನ್ನು 8 ಬಿಟ್‌ಗೆ ತಂದು ಹಾಕಬೇಕು. 16 ಬಿಟ್‌ನಲ್ಲಿ ಇವುಗಳಿರುವ ಫಿಲ್ಟರ್ ಗ್ಯಾಲರಿ ತೆರೆಯುವುದೇ ಇಲ್ಲ. ಗರಿಯನ್ನು ಬೆಳಕಿನ ಎಳೆಗಳಾಗಿ ಬಿಡಿಸುವ ಫ್ರ್ಯಾಕ್ಟೇಲಿಯಸ್ ಪ್ಲಗಿನ್‌ಗೂ ಹಕ್ಕಿ ಫೋಟೊದವರು ಮರುಳಾದರು, ಅದು ನಾಯ್ಸನ್ನೂ ಎಳೆಯಾಗಿಸುತ್ತದೆ ಎಂದು ತಿಳಿಯುವ ತನಕ.

ಆಯಿಲ್ ಪೇಂಟ್ 2012ರ ಫೋಟೊಶಾಪ್ ಸಿಎಸ್6ರಲ್ಲಿ ಬಂತು, 2014ರಲ್ಲಿ ಕಾಣೆಯಾಯಿತು, 2015ರಲ್ಲಿ ಮರಳಿತು. ಕೈಯನ್ನು ವಾಪಸ್ ತರುವ ದಾರಿಯೂ ಇಲ್ಲೇ ಇದೆ. ನಾಯ್ಸ್ ಮೊದಲೇ ತೆಗೆಯಿರಿ, ಶಾರ್ಪನ್ ಮಾತ್ರ ಕಡೆಗಿರಲಿ. ಶಾರ್ಪನ್ ಮೊದಲೇ ಮಾಡಿದರೆ ಅಂಚಿನ ಬಿಳಿಗೆರೆಯನ್ನೂ ಫಿಲ್ಟರ್ ಕುಂಚದ ಗೆರೆ ಅಂದುಕೊಳ್ಳುತ್ತದೆ. ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡಿ (ಆಗ ಫಿಲ್ಟರನ್ನು ಆಮೇಲೂ ತಿದ್ದಬಹುದು), ಆಯಿಲ್ ಪೇಂಟ್‌ನ ಸ್ಟೈಲೈಸೇಷನ್ 2ರಿಂದ 3, ಸ್ಕೇಲ್ 0.5ರ ಸುತ್ತಮುತ್ತ ಇಟ್ಟು ಶುರುಮಾಡಿ. ಶೈನ್ ಸೊನ್ನೆಯ ಹತ್ತಿರವೇ ಇರಲಿ, ಏರಿಸಿದರೆ ಬಿಳಿ ಮೈ ಪ್ಲಾಸ್ಟಿಕ್ ಆಗುತ್ತದೆ. ಆಮೇಲೆ ಫಿಲ್ಟರ್‌ನ ಮಾಸ್ಕ್ ಮೇಲೆ ಮೆದು ಅಂಚಿನ ಕಪ್ಪು ಬ್ರಷ್, ಕಪ್ಪು ಬಿದ್ದಲ್ಲಿ ಫಿಲ್ಟರ್ ಮರೆಯಾಗುತ್ತದೆ: ಕಣ್ಣಿಗೆ ನೂರಕ್ಕೆ ನೂರು, ಕೊಕ್ಕು ಮತ್ತು ಮುಖಕ್ಕೆ ಅರ್ಧ. ರೆಕ್ಕೆ ಫಿಲ್ಟರ್‌ಗೇ ಇರಲಿ. ಎರೆಹುಳುವಾದ ಎಲೆಗಳಿಗೆ ಫಿಲ್ಟರ್‌ಗಿಂತ ಮುಂಚೆಯೇ ಹಿನ್ನೆಲೆಯನ್ನು ತುಸು ಬ್ಲರ್ ಮಾಡುವುದೇ ಮದ್ದು. ಬಿಸಿಲಿಗೆ ಬಿಳಿ ಗರಿ ಪೂರ್ತಿ ಸುಟ್ಟಿದ್ದರೆ ಯಾವ ಫಿಲ್ಟರೂ ಏನೂ ಮಾಡಲಾರದು, ಅಲ್ಲಿ ಹಿಡಿಯಲು ಗರಿಯ ನೇಯ್ಗೆಯೇ ಉಳಿದಿರುವುದಿಲ್ಲ.

2015ರಲ್ಲಿ ಗ್ಯಾಟಿಸ್, ಎಕರ್, ಬೆತ್ಗೆ ಎಂಬ ಸಂಶೋಧಕರು ಒಂದು ವರ್ಣಚಿತ್ರದ ಶೈಲಿಯನ್ನು ಮಾದರಿ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್‌ನಿಂದ ಫೋಟೊಗೆ ಹೊಂದಿಸುವುದನ್ನು ತೋರಿಸಿದರು. ಮರುವರ್ಷ ಪ್ರಿಸ್ಮಾ ಆ್ಯಪ್ ಅದೇ ಬಗೆಯ ಆಟವನ್ನು ಮೊಬೈಲ್‌ಗೆ ತಂದಿತು. ಹಳೆಯ ಫಿಲ್ಟರ್ ಇದ್ದದ್ದನ್ನು ಒರೆಸುತ್ತಿತ್ತು. ಇದು ಇಲ್ಲದ್ದನ್ನೂ ಬರೆಯುತ್ತದೆ, ಬರಿಯ ಆಕಾಶಕ್ಕೂ ಕುಂಚದ ಸುಳಿ ಹಾಕುತ್ತದೆ. ನಂದಿಬೆಟ್ಟದ ಬಂಡೆಗಳ ನಡುವಿನ ಹಳದಿ ಕೊರಳಿನ ಪಿಕಳಾರವನ್ನೇ ತಗೊಳ್ಳಿ. ಕುರುಚಲಲ್ಲಿ ಸಿಗುವ ಬಿಳಿ ಹುಬ್ಬಿನ ಪಿಕಳಾರದಿಂದ ಅದನ್ನು ಬೇರೆ ಮಾಡುವುದು ಗಂಟಲಿನ ಹಳದಿ ಮತ್ತು ಹುಬ್ಬಿನ ಗೆರೆ. ಹುಬ್ಬಿನ ಜಾಗದಲ್ಲಿ ಒಂದು ತಿಳಿ ಎಳೆ ಹೆಚ್ಚಿಗೆ ಬಿದ್ದರೆ ಗುರುತೇ ಕೆಡುತ್ತದೆ. ಹಕ್ಕಿ ದಾಖಲೆಗೆ ಇಂಥ ಚಿತ್ರ ಕೊಡಲೇಬಾರದು. ಫೋಟೊ ಸಲೋನ್‌ಗಳ (ಸ್ಪರ್ಧೆಗಳ) ನೇಚರ್ ವಿಭಾಗದಲ್ಲೂ ಇದಕ್ಕೆ ಜಾಗವಿಲ್ಲ, ಕಳಿಸುವುದಾದರೆ ಯಾವ ಬಗೆಯ ಬಣ್ಣದ ಚಿತ್ರಕ್ಕೂ ತೆರೆದಿರುವ ಓಪನ್ ಕಲರ್‌ಗೆ. ಕ್ಯಾಮೆರಾ ಕೊಟ್ಟ ಮೂಲ ರಾ ಫೈಲ್ ಅಳಿಸದೆ ಇಟ್ಟುಕೊಂಡಿರಿ.