ಬಟವಾಡೆ: ಶನಿವಾರ ಸಂಜೆಯ ಲೆಕ್ಕ

ಕಟ್ಟಡದ ಕೆಲಸ ನಡೆಯುವ ಕಡೆ ಶನಿವಾರ ಮಧ್ಯಾಹ್ನ ದಾಟಿದ ಮೇಲೆ ಒಂದು ಮಾತು ಓಡಾಡುತ್ತದೆ: "ಇವತ್ತು ಬಟವಾಡೆ." ಬಟವಾಡೆ ಅಂದರೆ ಹಂಚಿಕೊಡುವುದು. ಅಂಚೆಯವರು ಮನೆಮನೆಗೆ ಕಾಗದ ತಲುಪಿಸುವುದೂ ಬಟವಾಡೆಯೇ. ಸರ್ಕಾರಿ ಕಚೇರಿಯಲ್ಲಿ ಸಂಬಳದ ಬಿಲ್ಲಿಗೆ ಸಹಿ ಹಾಕುವವರು ಬಟವಾಡೆ ಅಧಿಕಾರಿ. ಆದರೆ ಗಾರೆ ಕೆಲಸದವರ ಬಾಯಲ್ಲಿ ಅದಕ್ಕೆ ಒಂದೇ ಅರ್ಥ. ವಾರವೆಲ್ಲ ದುಡಿದ ಕೂಲಿ ಕೈಗೆ ಬರುವ ಹೊತ್ತು.

ಶನಿವಾರವೇ ಯಾಕೆ? ಭಾನುವಾರ ರಜೆ. ಅಕ್ಕಿ, ಜೋಳದ ಹಿಟ್ಟು, ತರಕಾರಿ, ಮಕ್ಕಳ ಔಷಧಿ, ಊರಿಗೆ ಕಳಿಸುವ ದುಡ್ಡು, ಎಲ್ಲಾ ಆ ಒಂದೇ ದಿನ ಆಗಬೇಕು. ಬೆಂಗಳೂರಿನ ಎಷ್ಟೋ ಸೈಟುಗಳಲ್ಲಿ ಶೆಡ್ಡು ಹಾಕಿಕೊಂಡು ಇರುವವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಅವರಿಗೆ ಇಲ್ಲಿ ಉದ್ರಿ ಕೊಡುವ ಪರಿಚಯದ ಅಂಗಡಿಯೂ ಇರುವುದಿಲ್ಲ. "ಸೋಮವಾರ ನೋಡೋಣ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ಮಾತಿಗೆ ಅಲ್ಲೊಂದು ಒಲೆ ಹಚ್ಚದೇ ಉಳಿಯಬಹುದು.

ನಮ್ಮ ಮನೆ ಕಟ್ಟುವಾಗ ಮೇಸ್ತ್ರಿಯ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇತ್ತು. ಸಿಮೆಂಟು ಮೆತ್ತಿ ರಟ್ಟು ಗಟ್ಟಿಯಾಗಿತ್ತು. ಐದೂವರೆಗೆ ಎಲ್ಲರೂ ಡ್ರಮ್ಮಿನ ನೀರಲ್ಲಿ ಕೈಕಾಲು ತೊಳೆದು ಬಂದು ನಿಲ್ಲುತ್ತಿದ್ದರು. ಆತ ಒಬ್ಬೊಬ್ಬರ ಹೆಸರು ಕೂಗಿ, ಎಷ್ಟು ದಿನ ಅಂತ ಜೋರಾಗಿ ಓದಿ, ಅವರು "ಹೂಂ" ಅಂದ ಮೇಲೇ ದುಡ್ಡು ಎಣಿಸುತ್ತಿದ್ದ. ಒಂದು ಸಲ ಒಬ್ಬ ಹೆಂಗಸಿನ ಹೆಸರಿಗೆ ಆರು ಅಂತ ಓದಿದ. "ಇಲ್ರೀ, ಐದೂವರಿ. ಬುಧವಾರ ಮಗೀಗೆ ಜ್ವರ ಇತ್ತು, ಅರ್ಧಕ್ಕ ಹೋಗಿದ್ದೆ" ಅಂದಳು. ಆತ ಪೆನ್ನು ತೆಗೆದು ತಿದ್ದಿದ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಪ್ರಾಮಾಣಿಕತೆ ಅಂದರೆ ನನಗೆ ಈಗಲೂ ಆ ತಿದ್ದಿದ ಅಂಕಿಯೇ ಕಣ್ಣಿಗೆ ಬರುತ್ತದೆ.

ಬಟವಾಡೆಯಲ್ಲಿ ಮೋಸಕ್ಕೂ ದಾರಿಗಳಿವೆ. ಆರು ಆಳು ಬಂದಿದ್ದರೆ ಎಂಟು ಅಂತ ಹಾಜರಿ ಬರೆಯುವುದು ಒಂದು. ಆಳು ಬಿಟ್ಟು ಹೋಗಬಾರದು ಅಂತ ಒಂದು ವಾರದ ಕೂಲಿಯನ್ನು ಸದಾ ಬಾಕಿ ಹಿಡಿದಿಡುವುದು ಇನ್ನೊಂದು. ಎರಡನೆಯದನ್ನು ಎಷ್ಟೋ ಜನ ಮೋಸ ಅಂತಲೇ ಅಂದುಕೊಳ್ಳುವುದಿಲ್ಲ. ನನ್ನ ಪ್ರಕಾರ ಅದೇ ಜಾಸ್ತಿ ಕೆಟ್ಟದ್ದು. ಮಾಲೀಕರಿಂದ ಕಂಟ್ರಾಕ್ಟರ್, ಕಂಟ್ರಾಕ್ಟರ್‌ನಿಂದ ಮೇಸ್ತ್ರಿ, ಮೇಸ್ತ್ರಿಯಿಂದ ಆಳು, ದುಡ್ಡು ಹೀಗೆ ಇಳಿಯುತ್ತದೆ. ಮೇಲೆ ಎಲ್ಲೇ ಬಿಲ್ಲು ತಡವಾದರೂ ಅದರ ಪೆಟ್ಟು ಕೊನೆಯವರಿಗೇ.

ಕಾನೂನಿಗೂ ಇದು ಗೊತ್ತು. 2025ರವರೆಗೆ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಂ ಪ್ರಕಾರ, ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕರೇ ಕೊಡಬೇಕಿತ್ತು. ಬಟವಾಡೆಯ ಹೊತ್ತಿಗೆ ಅವರ ಕಡೆಯವರೊಬ್ಬರು ಎದುರಿಗೆ ಇರಬೇಕು ಅಂತಲೂ ಅದರಲ್ಲಿತ್ತು. ಈಗ ಜಾರಿಯಲ್ಲಿರುವ 2019ರ ವೇತನ ಸಂಹಿತೆ ಇನ್ನೂ ನೇರ: ದಿನಗೂಲಿ ಆ ದಿನದ ಪಾಳಿ ಮುಗಿದಾಗ, ವಾರದ ಕೂಲಿ ವಾರದ ರಜೆಗೆ ಮುಂಚೆ.

ಆ ಹಾಜರಿ ಪುಸ್ತಕದ ಬೆಲೆ ಕೂಲಿಗಷ್ಟೇ ಮುಗಿಯುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಲೇಬರ್ ಕಾರ್ಡ್ ಮಾಡಿಸಲು ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಆ ದಾಖಲೆಗೆ ಬೇಕಾದ ಸುಮ್ನೆ ಒಂದು ಸಹಿಗಾಗಿ ಕೂಲಿಯವರನ್ನು ನಾಲ್ಕು ಸಲ ಅಲೆಸುವವರಿದ್ದಾರೆ.

ಹೆಣ್ಣಾಳಿನ ಮಾತು ಬೇರೆಯೇ ಹೇಳಬೇಕು. ತಾರಸಿಗೆ ಮೋಲ್ಡ್ ಹಾಕುವ ದಿನ ಗಂಡಾಳಿಗೂ ಹೆಣ್ಣಾಳಿಗೂ ಬಾಂಡ್ಲಿ ಒಂದೇ, ತುಂಬುವ ಕಾಂಕ್ರೀಟೂ ಅಷ್ಟೇ. ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ 1976ರಲ್ಲೇ ಕಾಯ್ದೆ ಬಂತು. ಆದರೂ ಬಟವಾಡೆಯಲ್ಲಿ ಅವಳ ನೋಟು ಕಡಿಮೆ. ಈಗ ಫೋನ್‌ಪೇ ಬಂದ ಮೇಲೆ ಇನ್ನೊಂದು ತೊಡಕು: ಅವಳ ದುಡಿಮೆ ಗಂಡನ ಫೋನಿಗೆ ಹೋಗಿ ಬೀಳುತ್ತದೆ. ನಮ್ಮ ಮೇಸ್ತ್ರಿ ಹೆಂಗಸರಿಗೆ ಮಾತ್ರ ಕೊನೆಯವರೆಗೂ ನೋಟೇ ಕೊಟ್ಟ. ಐದೂವರೆ ದಿನದ ಆ ಹೆಂಗಸು ಎರಡು ಸಲ ಎಣಿಸಿ, ಮಡಚಿ, ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡು, ಮಗುವನ್ನು ಸೊಂಟಕ್ಕೆ ಏರಿಸಿ ಸಂತೆ ಕಡೆ ಹೊರಟಳು.